ಗಿರಿಜಕ್ಕನ ಗೊದಮೊಟ್ಟೆಗಳು

ನಮ್ಮ ಗಿರಿಜಕ್ಕ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕುತ್ತಿಗೆಯನ್ನು. ಮುಖ ಆಮೇಲೆ. ಮನೆಗೆ ಬಂದವರು ‘ಚೆನ್ನಾಗಿದ್ದೀಯಾ ಗಿರಿಜಾ’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದರೆ ಅವಳ ಕಣ್ಣು ಅವರ ಗದ್ದದಿಂದ ನಾಲ್ಕು ಬೆರಳು ಕೆಳಗೆ ನಿಂತುಬಿಡುತ್ತಿತ್ತು. ಗಂಡಸರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಹೆಂಗಸರು ತಾಳಿ ಸರ ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಕೆಲಸಕ್ಕಿದ್ದ ಕಾಫಿ ಎಸ್ಟೇಟಿನ ರೈಟರು, ಅಂದರೆ ಲೆಕ್ಕ ಬರೆಯುವವರು, ಅವಳು ಎದುರಿಗೆ ಬರುವುದು ಕಂಡರೆ ಏಪ್ರಿಲ್ ತಿಂಗಳಲ್ಲೂ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು.

ಅವಳು ಹುಡುಕುತ್ತಿದ್ದುದು ಥೈರಾಯ್ಡ್ ಎಂಬ ಗ್ರಂಥಿಯನ್ನು. ಉಸಿರಿನ ಕೊಳವೆಯ ಆಚೆ ಈಚೆ ಅಂಟಿಕೊಂಡಿರುವ ಎರಡು ಕೆಂಪು ಗಂಟು. ಎಲ್ಲರಿಗೂ ಇದೆ, ಹೊರಗೆ ಕಾಣುವುದಿಲ್ಲ. ಊದಿಕೊಂಡರೆ ಮಾತ್ರ ಕಾಣುತ್ತದೆ. ನಮ್ಮ ಬೆಟ್ಟದ ಕಡೆ ಹಾಗೆ ಊದಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅಂಥವರು ಸಂತೆಯಲ್ಲಿ ಸಿಕ್ಕಿದರೆ ಅಕ್ಕನಿಗೆ ದೂರದ ನೆಂಟರು ಸಿಕ್ಕಿದಷ್ಟು ಸಂತೋಷ. ತರಕಾರಿ ಬಿಟ್ಟು ಅವರ ಹಿಂದೆ ಹೋಗುತ್ತಿದ್ದಳು.

ಅವಳನ್ನು ನೋಡಲು ಅರಕಲಗೂಡಿನ ಕಡೆಯಿಂದ ಒಬ್ಬ ಗಂಡು ಬಂದಿದ್ದ. ಅಕ್ಕ ಉಪ್ಪಿಟ್ಟಿನ ತಟ್ಟೆ ಕೊಟ್ಟು, ಪದ್ಧತಿಯಂತೆ ಒಳಗೆ ಹೋಗುವ ಬದಲು ಅಲ್ಲೇ ನಿಂತು, ಅವನ ಕುತ್ತಿಗೆ ನೋಡಿದಳು. ನಿಮಗೆ ಚಳಿ ಜಾಸ್ತಿಯಾ, ಕೂದಲು ಉದುರ್ತದಾ ಎಂದು ವಿಚಾರಿಸಿದಳು. ಗಂಡಿನ ಕೈ ತಲೆಗೆ ಹೋಯಿತು. ಅಲ್ಲಿ ಉದುರುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಅಕ್ಕ, ಎಲ್ಲಿ ಒಂದು ಸಲ ಉಗುಳು ನುಂಗಿ ಎಂದಳು. ಅವನು ನುಂಗಿದ. ಇನ್ನೊಂದು ಸಲ ಎಂದಳು. ಅದನ್ನೂ ನುಂಗಿದ. ಮೂರನೆಯ ಸಲಕ್ಕೆ ಅವನ ಸೋದರಮಾವ ಎದ್ದು ನಿಂತು ಬಸ್ಸಿಗೆ ಹೊತ್ತಾಯಿತು ಎಂದರು. ಬಸ್ಸು ಇದ್ದದ್ದು ಸಂಜೆಗೆ.

ಅವರು ಹೋದ ಮೇಲೆ ಅವ್ವ ಹಣೆ ಚಚ್ಚಿಕೊಂಡಳು. ಅಕ್ಕ ಮಾತ್ರ ಉಳಿದ ಉಪ್ಪಿಟ್ಟು ತಿನ್ನುತ್ತಾ, “ಪಾಪ, ಒಳ್ಳೆ ಜನ ಕಣವ್ವ. ಹೇಳಿದ ತಕ್ಷಣ ನುಂಗಿದ್ರು,” ಎಂದಳು.

ನಮ್ಮದು ಮಾದಾಪುರದ ಹತ್ತಿರದ ಊರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿದ್ದಿರಬೇಕು. ಕಚೇರಿಗಳ ಹಳೇ ಬೋರ್ಡು ಅಳಿಸಿ ಹೊಸದು ಬರೆಯುವ ಪೇಂಟರು ಇನ್ನೂ ಊರೂರು ತಿರುಗುತ್ತಿದ್ದ ಕಾಲ. ಅಕ್ಕ ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದು ಆಗಷ್ಟೇ ಶುರುವಾಗಿದ್ದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದಳು. ಅವಳಿಗಿಂತ ನಾಲ್ಕು ವರ್ಷಕ್ಕೆ ಕಿರಿಯನಾದ ನಾನು ಐದನೇ ಕ್ಲಾಸಿಗೆ ಪುಸ್ತಕ ಮಡಿಚಿಟ್ಟು, ಆ ಹೊತ್ತಿಗೆ ಎಸ್ಟೇಟಿನಲ್ಲಿ ಗಂಟೆ ಹೊಡೆಯುವ ಮತ್ತು ಹಾಜರಿ ಕೂಗುವ ಕೆಲಸದಲ್ಲಿದ್ದೆ. ಅಪ್ಪ ತೀರಿಕೊಂಡಿದ್ದರು. ನಾವು ಲಿಂಗ ಕಟ್ಟಿಕೊಂಡವರು. ನಮ್ಮ ಮನೆಯೊಳಗೆ ಮೊಟ್ಟೆ ಎಂಬ ಮಾತು ಕೂಡ ಬರುವಂತಿರಲಿಲ್ಲ. ಗೊದಮೊಟ್ಟೆ ಎಂದರೂ ಅವ್ವ ಮುಖ ಸಿಂಡರಿಸುತ್ತಿದ್ದಳು. ಕಾಲೇಜಿನಲ್ಲಿ ಕಪ್ಪೆ ಕೊಯ್ಯುತ್ತಾರಂತೆ ಹೌದಾ ಎಂದು ಅವಳು ಕೇಳಿದಾಗ, ಇಲ್ಲವ್ವ, ಚಿತ್ರ ಬರೆಸ್ತಾರೆ ಅಷ್ಟೇ ಎಂದು ಅಕ್ಕ ಸಾಧಿಸಿದ್ದಳು. ಹಾಗಾಗಿ ಸುಳ್ಳು ಹೇಳುವುದರಲ್ಲಿ ನಮ್ಮ ಮನೆಯಲ್ಲಿ ನಾನೊಬ್ಬನೇ ಇದ್ದೆನೆಂದಲ್ಲ. ಆದರೆ ಅವಳದು ಒಂದೇ ಸುಳ್ಳು, ಅದೂ ಓದುವುದಕ್ಕಾಗಿ.

ಅಕ್ಕನ ಬಾಯಲ್ಲಿ ಯಾವಾಗಲೂ ಇದ್ದ ಮಾತೆಂದರೆ ‘ಸುದ್ದಿ ಮುಟ್ಟಿಲ್ಲ’. ಅನ್ನ ಅರಳದಿದ್ದರೆ ಅಕ್ಕಿಗೆ ಸುದ್ದಿ ಮುಟ್ಟಿಲ್ಲ. ಹಿತ್ತಲ ಚಕ್ಕೋತ ಕಾಯಿ ಬಿಡದಿದ್ದರೆ ಗಿಡಕ್ಕೆ ಸುದ್ದಿ ಮುಟ್ಟಿಲ್ಲ. ಕ್ಲಾಸಿನಲ್ಲಿ ಯಾರಿಗಾದರೂ ಪಾಠ ಅರ್ಥವಾಗದಿದ್ದರೆ ಅವಳು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಸುದ್ದಿ ಎಲ್ಲಿಗೆ ಬಂದು ನಿಂತಿದೆ ನೋಡೋಣ ಎಂದು ಅವರ ಪಕ್ಕ ಕೂತು ಮೊದಲಿನಿಂದ ಕೇಳುತ್ತಾ ಬರುತ್ತಿದ್ದಳು.

ಅದು ಬರೀ ತಮಾಷೆಯ ಮಾತಲ್ಲ, ಅವಳ ಇಡೀ ಶಾಸ್ತ್ರವೇ ಅದು. ನನಗೆ ಅದನ್ನು ನನ್ನ ಕೆಲಸದಿಂದಲೇ ಹೇಳಿಕೊಟ್ಟಳು. ಎಸ್ಟೇಟಿನಲ್ಲಿ ನಾನು ರೈಲಿನ ಕಂಬಿಯ ತುಂಡಿನ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದೆ, ಅದೇ ಗಂಟೆ.

“ನೀನು ಹೊಡೆಯೋದು ಒಂದೇ ಗಂಟೆ. ಅದು ಕೇಳಿ ಮರ ಸವರೋನು ಕತ್ತಿ ತಗೋತಾನೆ. ಪಿಕ್ಕಿಂಗಿನ ಹೆಂಗಸು ಬುಟ್ಟಿ ತಗೋತಾಳೆ. ರೈಟರು?”

“ಕನ್ನಡಕ ಹುಡುಕ್ತಾರೆ.”

“ನೋಡು. ಯಾರು ಏನು ಮಾಡ್ಬೇಕು ಅಂತ ನೀನು ಹೇಳ್ಲಿಲ್ಲ. ಗೊದಮೊಟ್ಟೆ ಮೈಯಲ್ಲೂ ಹಂಗೇ. ಕುತ್ತಿಗೆ ಗಂಟಿಂದ ಒಂದು ರಸ ಹೊರಡ್ತದೆ. ಅದನ್ನ ಕೇಳಿ ಕಾಲು ಬೆಳೀತದೆ. ಅದನ್ನೇ ಕೇಳಿ ಬಾಲ ಕರಗ್ತದೆ.”

ಗಂಟೆಯ ಸದ್ದು ಗುಡ್ಡದ ಹಿಂದಿನ ಕೂಲಿಯವರ ಲೈನ್ ಮನೆಗಳಿಗೆ ಮುಟ್ಟುತ್ತಿರಲಿಲ್ಲ. ಗುಡ್ಡದ ಮೇಲಿನ ಮೇಸ್ತ್ರಿ ಅದನ್ನು ಕೇಳಿ ಸೀಟಿ ಹೊಡೆಯಬೇಕು, ಸೀಟಿ ಕೇಳಿದ ಮುದುಕಿಯೊಬ್ಬಳು ಬಾಗಿಲು ಬಾಗಿಲಿಗೆ ಹೋಗಿ ತಟ್ಟಬೇಕು, ಆಗ ಒಳಗಿನವರು ಏಳುತ್ತಿದ್ದರು. ಮೈಯೊಳಗೂ ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟುತ್ತದಂತೆ. ದೇಹವೆಲ್ಲ ಸಣ್ಣ ಸಣ್ಣ ಕೋಣೆಗಳಂತೆ. ಒಂದೊಂದು ಕೋಣೆಯ ನಡುಮನೆಯಲ್ಲೂ ಇಡೀ ಪ್ರಾಣಿಯನ್ನು ಕಟ್ಟುವ ಪೂರ್ತಿ ಪುಸ್ತಕ ಇದೆಯಂತೆ. ಸುದ್ದಿ ಮುಟ್ಟಿದಾಗ ಆ ಕೋಣೆಗೆ ಬೇಕಾದ ಪುಟ ಮಾತ್ರ ತೆರೆಯುತ್ತದೆ, ಮಿಕ್ಕಿದ್ದು ಮುಚ್ಚಿಕೊಂಡೇ ಇರುತ್ತದೆ.

ಬಾಲಕ್ಕೆ ಕಾಲಿನ ಪುಟ ಯಾಕಕ್ಕ, ದಂಡ ಅಲ್ಲವಾ ಎಂದು ನಾನು ಕೇಳಿದೆ.

“ದಂಡ ಯಾಕೆ? ನಿಂಗೂ ಸ್ಕೂಲಲ್ಲಿ ಪೂರ್ತಿ ಪುಸ್ತಕ ಕೊಟ್ಟಿದ್ರು. ಬಾಲ ಅದ್ರಲ್ಲಿ ಒಂದು ಪುಟನಾದ್ರೂ ತೆಗೆದು ಓದ್ತದೆ.”

ಸುದ್ದಿ ಹೇಗೆ ಪುಟ ತೆರೆಯುತ್ತದೆ ಎಂಬುದು ಮಾತ್ರ ದೊಡ್ಡ ದೊಡ್ಡವರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ ಎನ್ನುತ್ತಿದ್ದಳು. ಅದನ್ನು ಓದಲು ಅವಳಿಗೆ ಮತ್ತೆ ಮೈಸೂರಿಗೆ ಹೋಗಬೇಕಾಗಿತ್ತು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ; ಸರ್ಕಾರವೇ ಸಂಬಳ ಕೊಟ್ಟು ಓದಲು ಕಳಿಸುವ ಒಂದು ಅವಕಾಶ ಬಂದಿತ್ತು. ಜಿಲ್ಲೆಗೆ ಒಬ್ಬರು. ಒಬ್ಬ ಅಧಿಕಾರಿ ಬಂದು ಟೀಚರುಗಳು ಮಾಡಿದ ಪ್ರಯೋಗ ನೋಡಿ ಹೆಸರು ಬರೆಯುವುದೆಂದು ಗೊತ್ತಾಯಿತು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ಈ ಸಲ ಬಿಟ್ಟರೆ ವಯಸ್ಸು ಮೀರುತ್ತದೆ ಎಂದು ನನಗೊಬ್ಬನಿಗೇ ಹೇಳಿದ್ದಳು.

ಅವಳು ಯೋಚಿಸಿದ ಪ್ರಯೋಗ ಸುಲಭದ್ದು. ಅವ್ವ ಕಾಲಿಡದ ಸೌದೆ ಕೊಟ್ಟಿಗೆಯಲ್ಲಿ ಅಗಲ ಬಾಯಿಯ ಎರಡು ಗಾಜಿನ ಜಾಡಿ. ಎರಡರಲ್ಲೂ ಗದ್ದೆಯಿಂದ ತಂದ ನೆಲಗಪ್ಪೆಯ ಗೊದಮೊಟ್ಟೆ, ಎಣಿಸಿ ಹನ್ನೊಂದು ಹನ್ನೊಂದು. ಎರಡಕ್ಕೂ ಬೇಯಿಸಿದ ಸೊಪ್ಪು. ಎರಡನೆಯ ಜಾಡಿಗೆ ಮಾತ್ರ ದಿನಕ್ಕೊಂದು ಚಿಟಿಕೆ ಕುರಿಯ ಥೈರಾಯ್ಡಿನ ಪುಡಿ. ಎರಡು ವಾರದಲ್ಲಿ ಎರಡನೆಯ ಜಾಡಿಯ ಮರಿಗಳು ಬಾಲ ಕಳೆದುಕೊಂಡು, ಕಾಲು ಪಡೆದು, ನೊಣದ ಗಾತ್ರದ ಕಪ್ಪೆಗಳಾಗಬೇಕು. ಮೊದಲನೆಯದರಲ್ಲಿ ಏನೂ ಆಗಬಾರದು.

ತೊಡಕಿದ್ದದ್ದು ಆ ಪುಡಿಯಲ್ಲಿ. ಮಾಂಸದ ಚೂರನ್ನು ಅಕ್ಕ ಮನೆಗೆ ತರುವಂತಿರಲಿಲ್ಲ, ಕಟುಕರ ಅಂಗಡಿಯ ಮುಂದೆ ನಿಲ್ಲುವಂತೆಯೂ ಇರಲಿಲ್ಲ. ಅವಳು ಕಾಗದದ ಮೇಲೆ ಕುರಿಯ ಕುತ್ತಿಗೆ ಬರೆದು, ಗ್ರಂಥಿಗೆ ಕೆಂಪು ಶಾಯಿ ಹಚ್ಚಿ, ಅಪ್ಪನ ನಶ್ಯದ ಡಬ್ಬಿಯನ್ನು ತೊಳೆದು ನನ್ನ ಕೈಗಿಟ್ಟಳು. ತಂದು, ಹೊರಗೆಲ್ಲಾದರೂ ಒಣಗಿಸಿ, ಪುಡಿ ಮಾಡಿ ಇದರಲ್ಲಿ ತುಂಬಿಕೊಂಡು ಬಾ. ನೀನು ಮುಟ್ಟಿದ್ದು ಅವ್ವನಿಗೆ ತಿಳಿಯೋದು ಬೇಡ. ನಿನಗೆ ಇಂಥ ಕೆಲಸ ಹೇಳೋಕೆ ನನಗೇ ಹೇಸಿಗೆ, ಎಂದಳು. ನಾನು ಪ್ರತಿ ಭಾನುವಾರ ದೇವಯ್ಯನ ಮನೆಯಲ್ಲಿ ಕೂತು ಮುಟ್ಟುವುದಿರಲಿ, ಮೂಳೆ ಕೂಡ ಚೀಪುತ್ತಿದ್ದೆನೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಹಳ ಕಷ್ಟಪಟ್ಟು ಒಪ್ಪಿಕೊಂಡವನಂತೆ ಮುಖ ಮಾಡಿದೆ.

ಮಾಂಸದಂಗಡಿಯ ಮೊಯ್ದು ಕಾಕ ಆ ಚಿತ್ರವನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು. ಮೂವತ್ತು ವರ್ಷದಿಂದ ಕುರಿ ಕುಯ್ಯುತ್ತಿದ್ದೇನೆ ಮೋನೆ, ಇದನ್ನು ಕೇಳಿಕೊಂಡು ಬಂದವನು ನೀನೊಬ್ಬ ಎಂದರು; ಮೋನೆ ಅಂದರೆ ಅವರ ಮಲಯಾಳದಲ್ಲಿ ಮಗನೇ. ಆದರೂ ಆ ಭಾನುವಾರ ಮೂರು ಕುರಿಯ ಕುತ್ತಿಗೆಯಿಂದ ಆರು ಕೆಂಪು ತುಂಡುಗಳನ್ನು ಜೋಪಾನವಾಗಿ ಬಿಡಿಸಿ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟರು.

ಪೊಟ್ಟಣ ಹಿಡಿದು ದೇವಯ್ಯನ ಮನೆಗೆ ಹೋದೆ. ಅವನು ಎಸ್ಟೇಟಿನಲ್ಲಿ ಮರ ಸವರುವವನು, ನನ್ನ ಭಾನುವಾರದ ಸ್ನೇಹಿತ. ಅವನ ಒಲೆಯ ಮೇಲೆ ಒಣಗಿಸುವುದು ನನ್ನ ಲೆಕ್ಕ. ಅವನು ಆಗಲೇ ಈರುಳ್ಳಿ ಹೆಚ್ಚಿಟ್ಟು ಕಲೀಜ, ಅಂದರೆ ಕುರಿಯ ಈಲಿ, ಹುರಿಯುತ್ತಿದ್ದ. ನಾನು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಬೈನೆ ಕಳ್ಳಿನ ಮಡಕೆ ತರಲು ಹಿಂದಕ್ಕೆ ಹೋದೆ. ಬಂದು ನೋಡುವಾಗ ಎಲೆ ಬಿಚ್ಚಿತ್ತು, ಎಲೆಯಲ್ಲಿ ಏನೂ ಇರಲಿಲ್ಲ.

“ಎಂತ ಮಲ್ಲೇಶಣ್ಣ, ಇಷ್ಟು ಸಣ್ಣ ಕಲೀಜ ತಂದಿದ್ದು? ಮರಿಯದ್ದಾ?” ಎಂದ ದೇವಯ್ಯ. ಅವನ ಬಾಯಿ ಆಡುತ್ತಿತ್ತು. “ಆದರೂ ರುಚಿ ಉಂಟು.”

ಬಾಣಲೆಯಲ್ಲಿ ಎರಡು ಉಳಿದಿದ್ದವು. ಈಗ ಯಾಕೆ ಮುಚ್ಚಿಡಲಿ, ಆ ಎರಡನ್ನು ನಾನು ತಿಂದೆ. ಹೇಗೂ ಹುರಿದಾಗಿತ್ತು.

ಮತ್ತೆ ಕಾಕನ ಹತ್ತಿರ ಓಡಿದರೆ ಕುತ್ತಿಗೆಗಳೆಲ್ಲ ಖರ್ಚಾಗಿದ್ದವು. ಹಲಗೆಯ ಮೇಲೆ ಉಳಿದಿದ್ದ ಒಂದು ಹಿಡಿ ಚೂರುಪಾರು ಮಾಂಸ ತಂದು, ಒಲೆಯ ಮೇಲೆ ಒಣಗಿಸಿ, ಕಲ್ಲಿನಲ್ಲಿ ಅರೆದು ನಶ್ಯದ ಡಬ್ಬಿಗೆ ತುಂಬಿದೆ. ಕುತ್ತಿಗೆಯದಾದರೇನು, ತೊಡೆಯದಾದರೇನು, ಕುರಿ ಕುರಿಯೇ ಎಂದು ಸಮಾಧಾನ ಮಾಡಿಕೊಂಡೆ. ಅಕ್ಕ ಡಬ್ಬಿ ತೆರೆದು, ಮೂಸಿ, ಕಣ್ಣು ಮುಚ್ಚಿದಳು. ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಅಂದು ಸಂಜೆ ಅವಳು ಆ ಗ್ರಂಥಿಯ ಶಕ್ತಿಯನ್ನು ವಿವರಿಸಿದಳು. ಸೂಜಿಯ ತುದಿಯಷ್ಟು ಸಾಕು, ಬಾಲ ಕರಗಿಹೋಗುತ್ತದೆ, ಕರುಳು ಕೂಡ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಪ್ರಾಣಿಯೇ ಬೇರೆಯಾಗುತ್ತದೆ ಎಂದಳು.

ಕೇಳುತ್ತಾ ಕೇಳುತ್ತಾ ನನಗೆ ದೇವಯ್ಯನ ಬಾಣಲೆ ನೆನಪಾಯಿತು. ನಾನು ತಿಂದದ್ದು ಸೂಜಿಯ ತುದಿಯಷ್ಟಲ್ಲ. ಮಾರನೆಯ ದಿನದಿಂದ ಬಚ್ಚಲಲ್ಲಿ ಬೆನ್ನಿನ ಬುಡವನ್ನು ಮುಟ್ಟಿ ನೋಡಿಕೊಳ್ಳುವುದೇ ಕೆಲಸವಾಯಿತು. ಬೆರಳುಗಳ ಮಧ್ಯೆ ಚರ್ಮ ಬೆಳೆಯುತ್ತಿದೆಯೇ ಎಂದು ಹಾಜರಿ ಕೂಗುವಾಗಲೂ ಕೈ ಅಗಲಿಸಿ ನೋಡುತ್ತಿದ್ದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಸುಮ್ಮನೆ ಕೂತರೂ ಬೆವರು. ಅಕ್ಕ ನನ್ನ ಕುತ್ತಿಗೆಯನ್ನೇ ನೋಡುತ್ತಾ ಎದೆ ಹೊಡ್ಕೋತಾ ಇದ್ಯಾ ಎಂದು ಕೇಳಿದಳು. ಇಲ್ಲ ಎಂದೆ. ನಾಲ್ಕು ತುಂಡು ತಿಂದ ದೇವಯ್ಯನ ಕಥೆ ಬೇರೆ. ಅವನು ಆ ವಾರ ಇಬ್ಬರು ಸವರುವ ಮರಗಳನ್ನು ಒಬ್ಬನೇ ಸವರಿದ. ಅವನನ್ನು ನೋಡಿ ಕಲಿಯಿರಿ ಎಂದು ರೈಟರು ಎಲ್ಲರ ಮುಂದೆ ಹೊಗಳಿದರು. ಅಕ್ಕನ ಶಾಸ್ತ್ರ ನಿಜವೆಂದು ಆ ವಾರ ಗೊತ್ತಾದದ್ದು ನಮ್ಮಿಬ್ಬರ ಮೈಗೆ ಮಾತ್ರ.

ಜಾಡಿಗಳಲ್ಲಿ ಏನೂ ಆಗಲಿಲ್ಲ. ಅಂದರೆ, ಎರಡನೆಯ ಜಾಡಿಯ ಮರಿಗಳು ಮಾಂಸ ತಿಂದು ಜಾಮೂನಿನಂತೆ ಉಬ್ಬಿದವು. ಕಾಲು ಬರಲಿಲ್ಲ, ಬಾಲ ಹೋಗಲಿಲ್ಲ. ಅಕ್ಕ ಸ್ಕೂಲಿಗೆ ಹೋಗುವ ಮೊದಲು, ಬಂದ ಮೇಲೆ, ಊಟದ ಮಧ್ಯೆ ಎದ್ದು ಬಂದು ಜಾಡಿಗೆ ಮೂಗು ಒತ್ತಿ ನೋಡುತ್ತಿದ್ದಳು. ಚಿಟಿಕೆ ಎರಡಾಯಿತು, ಮೂರಾಯಿತು. ಮರಿಗಳು ಇನ್ನಷ್ಟು ದಪ್ಪಗಾದವು. ಅಕ್ಕ ಮಾತು ಕಡಿಮೆ ಮಾಡಿದಳು. ಮುಂದಿನ ಭಾನುವಾರ ನಾನು ಕಾಕನ ಅಂಗಡಿಗೆ ಓಡಿದೆ. ಅಂಗಡಿ ಮುಚ್ಚಿತ್ತು, ಕಾಕ ಮಗಳ ಮದುವೆಗೆಂದು ಕಣ್ಣೂರಿನ ಕಡೆ ಹೋಗಿದ್ದರು. ಆಗಲಾದರೂ ಅಕ್ಕನಿಗೆ ಹೇಳಬಹುದಿತ್ತು. ಹೇಳಿದರೆ ಮಾಂಸದ ಮಾತು ಬರುತ್ತದೆ, ಕಳ್ಳಿನ ಮಾತು ಬರುತ್ತದೆ, ಅವ್ವ ಮನೆಯಿಂದ ಹೊರಗೆ ಹಾಕುತ್ತಾಳೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಅಧಿಕಾರಿ ಬರುವ ದಿನ ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ಪಾಪ ಮಾಡಿದವನಿಗೆ ಹೊಳೆಯುವ ಉಪಾಯಗಳು ಎಷ್ಟು ದಡ್ಡತನದವು ಎಂದು ಈಗ ಅನ್ನಿಸುತ್ತದೆ. ಅಕ್ಕನಿಗೆ ಬೇಕಾದದ್ದು ಸಣ್ಣ ಕಪ್ಪೆ ತಾನೆ? ಗದ್ದೆಯ ಬದುವಿನ ಕೆಸದ ಎಲೆಗಳ ಮೇಲೆ ಉಗುರಿನಷ್ಟು ಸಣ್ಣ ಕಪ್ಪೆಗಳು ಬೇಕಾದಷ್ಟು ಕೂತಿರುತ್ತಿದ್ದವು. ಹಸಿರು ಬಣ್ಣ, ಮುದ್ದಾಗಿದ್ದವು. ನೋಡಲು ಚೆನ್ನಾಗಿರುವುದನ್ನೇ ಆರಿಸಿ ಹನ್ನೊಂದು ಹಿಡಿದು ತಂದೆ. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಎರಡನೆಯ ಜಾಡಿಯ ಜಾಮೂನುಗಳನ್ನು ಹಿತ್ತಲ ಹಳ್ಳಕ್ಕೆ ಸುರಿದು, ಇವುಗಳನ್ನು ಬಿಟ್ಟು, ಮೇಲೆ ಬಟ್ಟೆ ಕಟ್ಟಿ, ಜಾಡಿಗಳ ಸುತ್ತ ಗೋಣಿ ಸುತ್ತಿ ಬುಟ್ಟಿಯಲ್ಲಿಟ್ಟೆ. ಅಲುಗಾಡಬಾರದು ಎಂದು ನಾನೇ ಹೊತ್ತೆ. ಅಕ್ಕ ದಾರಿಯುದ್ದಕ್ಕೂ, ಸುಳ್ಳು ಹೇಳಲ್ಲ ಕಣೋ, ಆಗಲಿಲ್ಲ ಅಂತಲೇ ಹೇಳ್ತೀನಿ, ಯಾಕೆ ಆಗಲಿಲ್ಲ ಅಂತ ಓದೋಕಾದ್ರೂ ಕಳಿಸಿ ಅಂತ ಕೇಳ್ತೀನಿ ಎನ್ನುತ್ತಿದ್ದಳು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಕ್ಲಾಸಿನಲ್ಲಿ ಅಧಿಕಾರಿ, ಹೆಡ್‌ಮಾಸ್ಟರು, ಮಕ್ಕಳೆಲ್ಲ ಸೇರಿದ್ದರು. ಅಧಿಕಾರಿ ಒಳ್ಳೆಯ ಮನುಷ್ಯ, ದಪ್ಪ ಕನ್ನಡಕ, ನಗುಮುಖ. ನಾನು ಬುಟ್ಟಿ ಇಟ್ಟು ಬಾಗಿಲಲ್ಲಿ ನಿಂತೆ. ಅಕ್ಕ ಮೊದಲು ಅವರ ಕುತ್ತಿಗೆ ನೋಡಿ ಆಮೇಲೆ ನಮಸ್ಕಾರ ಮಾಡಿದಳು. ಮೊದಲನೆಯ ಜಾಡಿ ತೋರಿಸಿದಳು. ಎರಡನೆಯದರ ಬಟ್ಟೆ ಬಿಚ್ಚಿದಳು.

ಕೆಸದ ಎಲೆಯ ಕಪ್ಪೆಗಳು ನೀರಿನಲ್ಲಿ ಇರುವ ಜಾತಿಯವಲ್ಲ. ಗಾಜಿನ ಗೋಡೆ ಹತ್ತಿ ಬಟ್ಟೆಗೇ ಅಂಟಿಕೊಂಡು ಕಾಯುತ್ತಿದ್ದವು. ಬಿಚ್ಚಿದ್ದೇ ತಡ, ಹನ್ನೊಂದೂ ಹನ್ನೊಂದು ದಿಕ್ಕಿಗೆ ನೆಗೆದವು. ಒಂದು ಕರಿಹಲಗೆಗೆ ಅಂಟಿತು. ಎರಡು ಹೆಡ್‌ಮಾಸ್ಟರ ಪೇಟದ ಮಡಿಕೆಯೊಳಗೆ ಹೋದವು. ಅವರು ಪೇಟ ತೆಗೆಯುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಒಂದು ಅಧಿಕಾರಿಯ ಕನ್ನಡಕದ ಗಾಜಿನ ಮೇಲೆ ಕೂತು ಅವರನ್ನೇ ನೋಡತೊಡಗಿತು. ಮಕ್ಕಳು ಬೆಂಚಿನ ಮೇಲೆ ಹತ್ತಿದರು. ಅಧಿಕಾರಿ ಮಾತ್ರ ಕೋಪಿಸಿಕೊಳ್ಳಲಿಲ್ಲ. ಕನ್ನಡಕವನ್ನು ಕಪ್ಪೆಯ ಸಮೇತ ತೆಗೆದು ಹಿಡಿದು, ಶಹಬ್ಬಾಸ್, ಎರಡೇ ವಾರದಲ್ಲಾ, ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ ಎಂದರು. ಜೇಬಿನಿಂದ ಪೆನ್ನು ತೆಗೆದರು.

ಅಕ್ಕ ಆ ಕಪ್ಪೆಯನ್ನು ಬೆರಳ ಮೇಲೆ ಹತ್ತಿಸಿಕೊಂಡಳು. ಅದರ ಕಾಲನ್ನು ನೋಡಿದಳು.

“ಸಾರ್, ಇವು ನನ್ನವಲ್ಲ,” ಎಂದಳು. “ನನ್ನವು ನೆಲಗಪ್ಪೆ ಮರಿ. ಇದಕ್ಕೆ ನೋಡಿ, ಬೆರಳ ತುದೀಲಿ ಗುಂಡಿ ಇದೆ. ಇದು ಮರ ಹತ್ತೋ ಕಪ್ಪೆ. ಯಾರೋ ತಂದು ಬಿಟ್ಟಿದ್ದಾರೆ. ನನ್ನದು ಆಗಲಿಲ್ಲ.”

ಅಧಿಕಾರಿ ಬಿಚ್ಚಿದ ಪೆನ್ನನ್ನು ಕೆಳಗಿಡಲಿಲ್ಲ. ಕಪ್ಪೆ ಕಪ್ಪೆಯೇ ಅಲ್ಲವೇ ಅಮ್ಮಾ ಎಂದು ಮೆಲ್ಲಗೆ ಕೇಳಿದರು. ನಾನು ಡಬ್ಬಿ ತುಂಬುವಾಗ ಹೇಳಿಕೊಂಡ ಮಾತನ್ನೇ ಅವರೂ ಹೇಳಿದಂತೆ ಕೇಳಿಸಿ ಬಾಗಿಲ ಹಿಂದಕ್ಕೆ ಸರಿದೆ. ಅಕ್ಕ, ಅಲ್ಲ ಸಾರ್ ಎಂದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

ಮಕ್ಕಳೇ ಪ್ರೀತಿಯಿಂದ ಹೀಗೆ ಮಾಡಿರಬೇಕೆಂದು ಅಕ್ಕ ತಿಳಿದಳು, ಯಾರನ್ನೂ ಕೇಳಲಿಲ್ಲ. ಆ ವರ್ಷ ಮೈಸೂರಿಗೆ ಹೋದದ್ದು ನಾಪೋಕ್ಲಿನ ಕಡೆಯ ಒಬ್ಬ ಮೇಷ್ಟರು. ಅಕ್ಕ ಜಾಡಿಗಳನ್ನು ತೊಳೆದು ಅವ್ವನಿಗೆ ಉಪ್ಪು, ಹುಣಸೆ ಹಾಕಿಕೊಳ್ಳಲು ಕೊಟ್ಟಳು. ಆಮೇಲೆ ಇನ್ನೊಂದು ಪ್ರಯೋಗವನ್ನು ಅವಳು ಮಾಡಲಿಲ್ಲ. ‘ನನ್ನ ಕೈಗೆ ಅದು ಒಗ್ಗೋದಲ್ಲ’ ಎನ್ನುತ್ತಿದ್ದಳು. ಪಾಠ ಚೆನ್ನಾಗಿಯೇ ಮಾಡುತ್ತಿದ್ದಳು. ಕಪ್ಪೆಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದಳು. ಅವ್ವನಿಗೆ ಹೇಳಿದ ಒಂದು ಸುಳ್ಳೂ ಹಾಗೆ ನಿಜವಾಯಿತು.

ಅವ್ವ ಹೋದ ಮೇಲೆ ಅಕ್ಕನಿಗೆ ಹುದಿಕೇರಿಗೆ ವರ್ಗವಾಯಿತು. ಮದುವೆಯಾಗಲಿಲ್ಲ, ಅಲ್ಲೇ ಒಂದು ಸಣ್ಣ ಮನೆ ಹಿಡಿದಿದ್ದಳು. ಅಲ್ಲಿನ ಜನವೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿದ್ದರು. ನಾನು ವರ್ಷಕ್ಕೊಮ್ಮೆ ಕಿತ್ತಳೆ ತೆಗೆದುಕೊಂಡು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವಳಿಗೆ ಐವತ್ತರ ಮೇಲಾಗಿತ್ತು, ನಡೆದರೆ ಏದುಸಿರು ಬರುತ್ತಿತ್ತು. ಮುಂದಿನ ಬೇಸಿಗೆ ಕಾಣಲಿಲ್ಲ ಅವಳು. ಅಂದು ಅದು ತಿಳಿದಿರಲಿಲ್ಲವಾದರೂ, ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ.

ಬಸ್ಸಿಗೆ ಕಾಯುತ್ತಾ ಕಲ್ಲುಕಟ್ಟೆಯ ಮೇಲೆ ಕೂತಿದ್ದಾಗ ಸುಲಭದ ಕಡೆಯಿಂದ ಶುರು ಮಾಡಿದೆ. ಅವತ್ತು ಕಪ್ಪೆ ಬದಲಾಯಿಸಿದ್ದು ನಾನಕ್ಕ ಎಂದೆ. ಕೆಸದ ಎಲೆ, ಗೋಣಿ, ಎಲ್ಲ ಹೇಳಿದೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಹೆಡ್‌ಮಾಸ್ಟರ ಪೇಟ ನೆನಪಾಗಿ ಇನ್ನೂ ನಕ್ಕಳು. ಕಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು. “ಅಲ್ಲ ಕಣೋ ಮಲ್ಲೇಶ, ಅಷ್ಟು ಜಾತಿ ಕಪ್ಪೇಲಿ ನಿಂಗೆ ಅದೇ ಸಿಕ್ತಾ? ಬಣ್ಣ ನೋಡಿ ಆರಿಸಿದ್ಯಾ?” ಹೌದಕ್ಕ ಎಂದೆ. ನನಗೂ ನಗು ಬಂತು. ಇಪ್ಪತ್ತೈದು ವರ್ಷದ ಭಾರ ಇಳಿದುಹೋದಂತಾಯಿತು. ಇಳಿದಿರಲಿಲ್ಲ, ಆದರೆ ಹಾಗೆ ಅನ್ನಿಸಿತು.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅಕ್ಕ ಕಿಟಕಿಯ ಕೆಳಗೆ ಬಂದು ನಿಂತಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಕಪ್ಪೆದು ಬಿಡು, ನನ್ನ ಮೇಲಿನ ಅಕ್ಕರೆಗೆ ಮಾಡಿದ್ದಿ. ಆದ್ರೆ ನನ್ನ ಮರಿ ಯಾಕೆ ಆಗ್ಲಿಲ್ಲ ಅಂತ ಮಾತ್ರ ಇವತ್ತಿಗೂ ತಿಳೀಲಿಲ್ಲ ನೋಡು. ಪುಡಿ ಸರಿ ಇತ್ತಲ್ಲ. ನೀನೇ ತಂದಿದ್ದು.”

ಡ್ರೈವರು ಇಂಜಿನ್ ಶುರು ಮಾಡಿದ. ನಾನು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನನ್ನ ಅಳತೇನೇ ತಪ್ಪಿರ್ಬೇಕು, ಅಲ್ವಾ?” ಎಂದಳು.

ಬಸ್ಸು ಹೊರಟಿತು. ನಾನು ಹೌದೆಂದು ತಲೆಯಾಡಿಸಿದೆ.